ಮರೆಯಾಗಲು ಹಾಕಿದ ಎಕ್ಸ್‌ಟೆನ್ಶನ್ನೇ ಗುರುತು ಹೇಳಿದರೆ?

ರಾಯಚೂರು ಇರಲಿ, ಗಂಗಾವತಿ ಇರಲಿ, ಬಳ್ಳಾರಿ ಇರಲಿ, ಆನ್‌ಲೈನ್ ಅರ್ಜಿ ತುಂಬುವ ಅಂಗಡಿಗೆ ಹೋದಾಗ ಅಲ್ಲಿನ ಬ್ರೌಸರ್ ಕಡೆ ಒಮ್ಮೆ ಕಣ್ಣು ಹಾಯಿಸಿ. ಮೇಲೆ ಬಲಗಡೆ ಸಣ್ಣ ಸಣ್ಣ ಚಿಹ್ನೆಗಳು ಸಾಲಾಗಿ ಕೂತಿರುತ್ತವೆ. ಪಿಡಿಎಫ್ ಕೂಡಿಸಲು ಒಂದು, ಸ್ಕ್ರೀನ್‌ಶಾಟ್ ತೆಗೆಯಲು ಒಂದು, ವಿಡಿಯೊ ಇಳಿಸಿಕೊಳ್ಳಲು ಒಂದು, ಜಾಹೀರಾತು ತಡೆಯಲು ಒಂದು, ಜೊತೆಗೆ ನಮ್ಮ ಇಂಟರ್‌ನೆಟ್ ಓಡಾಟವನ್ನೆಲ್ಲ ಬೇರೆ ಕಂಪನಿಯ ಸರ್ವರ್ ಮೂಲಕ ಕಳಿಸುವ ಪುಕ್ಕಟೆ ವಿಪಿಎನ್. ಬ್ರೌಸರಿಗೆ ಸೇರಿಸಿಕೊಳ್ಳುವ ಈ ಸಣ್ಣ ತಂತ್ರಾಂಶಗಳೇ ಎಕ್ಸ್‌ಟೆನ್ಶನ್‌ಗಳು. ಯಾರು ಹಾಕಿದ್ದು ಎಂದು ಕೇಳಿದರೆ ಅಂಗಡಿಯವರಿಗೂ ನೆನಪಿರುವುದಿಲ್ಲ. "ಇರ್ಲಿ ಬಿಡ್ರಿ ಸರ, ಪುಕ್ಕಟೆ ಐತಲ್ಲ" ಎನ್ನುತ್ತಾರೆ.

ಪುಕ್ಕಟೆ ಎನ್ನುವುದೇನೋ ನಿಜ. ಆದರೆ ನಮ್ಮ ಖಾಸಗಿತನಕ್ಕೆ ಇವುಗಳಿಂದ ಎರಡು ದಿಕ್ಕಿನಿಂದ ತೊಂದರೆ ಬರಬಹುದು. ಒಂದು, ನೀವು ತೆರೆಯುವ ವೆಬ್‌ಸೈಟು ಹೊರಗಿನಿಂದಲೇ ನಿಮ್ಮ ಎಕ್ಸ್‌ಟೆನ್ಶನ್‌ಗಳನ್ನು ಪತ್ತೆ ಮಾಡಿ, ಅದರ ಮೇಲೆ ನಿಮ್ಮನ್ನು ಗುರುತು ಹಿಡಿಯಬಹುದು. ಎರಡು, ಎಕ್ಸ್‌ಟೆನ್ಶನ್ನೇ ಒಳಗೆ ಕೂತು ನೀವು ಮಾಡುವುದನ್ನೆಲ್ಲ ನೋಡಬಹುದು. ಮೊದಲನೆಯದರ ಬಗ್ಗೆ ಸಾಕಷ್ಟು ಸಂಶೋಧನೆ ನಡೆದಿದೆ, ಕುತೂಹಲದ ವಿಷಯವೂ ಹೌದು. ಆದರೆ ನಮ್ಮ ಕಡೆಯ ಜನಕ್ಕೆ ಏಟು ಬೀಳುವುದು ಎರಡನೆಯದರಿಂದ ಎಂದು ನನ್ನ ಎಣಿಕೆ. ಯಾಕೆ ಎಂದು ಹೇಳುವ ಮೊದಲು, ಈ ಗುರುತು ಹಿಡಿಯುವ ಕೆಲಸ ಹೇಗೆ ನಡೆಯುತ್ತದೆ ನೋಡೋಣ.

ಕುಕಿ ಅಳಿಸಿದರೂ ಉಳಿಯುವ ಗುರುತು

ಕುಕಿ ಎಂದರೆ ವೆಬ್‌ಸೈಟು ನಿಮ್ಮ ಬ್ರೌಸರಿನಲ್ಲಿ ಇಟ್ಟು ಹೋಗುವ ಸಣ್ಣ ಮಾಹಿತಿ. ಅಳಿಸಿದರೆ ಮುಗಿಯಿತು. ಬ್ರೌಸರಿನ ಲಕ್ಷಣಗಳಿಂದಲೇ ಗುರುತು ಹಿಡಿಯುವ ಫಿಂಗರ್‌ಪ್ರಿಂಟಿಂಗ್‌ನಲ್ಲಿ ಹಾಗೆ ಏನನ್ನೂ ಇಟ್ಟು ಹೋಗುವುದಿಲ್ಲ, ಹಾಗಾಗಿ ಅಳಿಸುವುದಕ್ಕೂ ಏನೂ ಸಿಗುವುದಿಲ್ಲ. ರೇಷನ್ ಅಂಗಡಿಯಲ್ಲಿ ಒತ್ತುವ ಹೆಬ್ಬೆಟ್ಟಿಗೂ ಇದಕ್ಕೂ ಸಂಬಂಧ ಇಲ್ಲ. ಇಲ್ಲಿ ಗುರುತು ಸಿಗುವುದು ಬ್ರೌಸರಿನಿಂದ.

ಪುಟ ತೆರೆದಾಗ ಅದರ ಜೊತೆ ಬರುವ ಜಾವಾಸ್ಕ್ರಿಪ್ಟ್ ಎಂಬ ಭಾಷೆಯ ಸಣ್ಣ ಪ್ರೋಗ್ರಾಂ (ಸ್ಕ್ರಿಪ್ಟ್) ನಿಮ್ಮ ಬ್ರೌಸರಿಗೆ ಒಂದಿಷ್ಟು ಪ್ರಶ್ನೆ ಕೇಳುತ್ತದೆ. ಪರದೆಯ ಅಳತೆ ಎಷ್ಟು? ಭಾಷೆ ಯಾವುದು? ಗಡಿಯಾರ ಯಾವ ವಲಯದ್ದು? ಪ್ರೊಸೆಸರಿನಲ್ಲಿ ಕೋರ್ ಎಷ್ಟು? ಗ್ರಾಫಿಕ್ಸ್ ಚಿಪ್ ಯಾವುದು? ಕಣ್ಣಿಗೆ ಕಾಣದ ಹಾಗೆ ಒಂದು ಚಿತ್ರವನ್ನೂ ಬರೆಸುತ್ತದೆ. ಒಂದೇ ಚಿತ್ರವನ್ನು ಬೇರೆ ಬೇರೆ ಗ್ರಾಫಿಕ್ಸ್ ಚಿಪ್, ಡ್ರೈವರ್ ಇರುವ ಕಂಪ್ಯೂಟರುಗಳು ಕೂದಲೆಳೆಯಷ್ಟು ಬೇರೆಯಾಗಿ ಬರೆಯುತ್ತವೆ. ಇದಕ್ಕೆ ಕ್ಯಾನ್ವಾಸ್ ಫಿಂಗರ್‌ಪ್ರಿಂಟಿಂಗ್ ಎನ್ನುತ್ತಾರೆ, 2012ರಲ್ಲಿ ಇದನ್ನು ಸಂಶೋಧಕರು ತೋರಿಸಿಕೊಟ್ಟರು. ಒಂದೊಂದು ಉತ್ತರವೂ ಬಿಡಿಯಾಗಿ ಏನೂ ಹೇಳುವುದಿಲ್ಲ. ಎಲ್ಲ ಸೇರಿಸಿದಾಗ ಮಾತ್ರ ಆ ಬ್ರೌಸರಿಗೆ ಒಂದು ಗುರುತು ಹುಟ್ಟುತ್ತದೆ.

ಎಷ್ಟು ಮಾಹಿತಿ ಬೇಕು ಒಬ್ಬರನ್ನು ಬೇರೆ ಮಾಡಲು? ಲೆಕ್ಕ ಸರಳ. ಹೌದು ಅಥವಾ ಇಲ್ಲ ಎಂದು ಉತ್ತರ ಬರುವ ಒಳ್ಳೆಯ ಪ್ರಶ್ನೆ ಒಂದು ಕೇಳಿದರೆ ಗುಂಪು ಅರ್ಧವಾಗುತ್ತದೆ. 2011ರ ಜನಗಣತಿ ಪ್ರಕಾರ ರಾಯಚೂರು ಜಿಲ್ಲೆಯಲ್ಲಿ 19.28 ಲಕ್ಷ ಜನ. ಅಷ್ಟು ಜನರಲ್ಲಿ ಒಬ್ಬರನ್ನು ಹೆಕ್ಕಲು ಇಂಥ 21 ಪ್ರಶ್ನೆ ಸಾಕು, ಯಾಕೆಂದರೆ ಎರಡನ್ನು ಎರಡರಿಂದ ಗುಣಿಸುತ್ತ 21ನೇ ಹೆಜ್ಜೆಗೆ ಹೋದರೆ 20.97 ಲಕ್ಷ ಆಗುತ್ತದೆ. ಇಡೀ ಭೂಮಿಯ ಜನರಿಗೆ 33 ಪ್ರಶ್ನೆ ಸಾಕು. ಈ ಪ್ರಶ್ನೆಗೆ ಸಿಗುವ ಒಂದು ಉತ್ತರವನ್ನೇ ಒಂದು ಬಿಟ್ ಎಂದು ಎಣಿಸುತ್ತಾರೆ.

ಡಿಜಿಟಲ್ ಹಕ್ಕುಗಳಿಗಾಗಿ ದುಡಿಯುವ ಅಮೆರಿಕದ ಸಂಸ್ಥೆ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ 2010ರಲ್ಲಿ ಸುಮಾರು 4.7 ಲಕ್ಷ ಬ್ರೌಸರುಗಳನ್ನು ಹೀಗೆ ಅಳೆದು ನೋಡಿತು. ಕನಿಷ್ಠ 18.1 ಬಿಟ್ ಸಿಕ್ಕಿತು. ನೂರಕ್ಕೆ 83.6 ಬ್ರೌಸರುಗಳು ಆ ಗುಂಪಿನಲ್ಲಿ ಒಂಟಿಯಾಗಿದ್ದವು, ಅವುಗಳ ಹಾಗೆ ಇನ್ನೊಂದು ಇರಲಿಲ್ಲ. ಈ ಅಂಕಿ ಕೇಳಿ ಹೆದರುವವರು 2018ರ ಇನ್ನೊಂದು ಅಧ್ಯಯನವನ್ನೂ ನೋಡಬೇಕು. ಫ್ರಾನ್ಸ್‌ನ ಜನಪ್ರಿಯ ವೆಬ್‌ಸೈಟೊಂದಕ್ಕೆ ಸುಮ್ನೆ ಬಂದು ಹೋಗುವ ಜನರ 20 ಲಕ್ಷ ಗುರುತುಗಳನ್ನು ಅದರಲ್ಲಿ ಅಳೆದರು. ಒಂಟಿಯಾಗಿ ಸಿಕ್ಕಿದ್ದು ನೂರಕ್ಕೆ 33.6 ಮಾತ್ರ. ಮೊಬೈಲುಗಳಲ್ಲಂತೂ 18.5. ಒಂದೇ ಮಾಡೆಲ್‌ನ ಫೋನುಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ, ಅದಕ್ಕೆ. ಕಂಪ್ಯೂಟರ್ ಹಾಗಲ್ಲ. ಅದನ್ನು ನಾವು ನಮಗೆ ಬೇಕಾದ ಹಾಗೆ ಮಾಡಿಕೊಂಡಿರುತ್ತೇವೆ.

ನಮ್ಮ ಕಡೆಯ ಕಂಪ್ಯೂಟರುಗಳಲ್ಲಿ ಇದಕ್ಕೆ ಒಂದು ಚೆಂದದ ಉದಾಹರಣೆ ಇದೆ. ಡಿಟಿಪಿ ಕೆಲಸ ಮಾಡುವ ಅಂಗಡಿಗಳಲ್ಲಿ ನುಡಿ, ಬರಹ ತಂತ್ರಾಂಶ ಇಲ್ಲದ ಕಂಪ್ಯೂಟರ್ ಸಿಗುವುದು ಕಷ್ಟ. ಅವುಗಳ ಜೊತೆ ಫಾಂಟುಗಳೂ ಬಂದಿರುತ್ತವೆ. ವೆಬ್‌ಸೈಟು ಒಂದು ಸಾಲನ್ನು 'ನುಡಿ 01 ಇ' ಫಾಂಟಿನಲ್ಲಿ ತೋರಿಸು ಎಂದು ಹೇಳಿ ಅದರ ಅಗಲ ಅಳೆಯುತ್ತದೆ. ಫಾಂಟು ಇಲ್ಲದಿದ್ದರೆ ಮಾಮೂಲಿ ಫಾಂಟಿನ ಅಗಲ ಬರುತ್ತದೆ, ಇದ್ದರೆ ಬೇರೆ ಅಳತೆ. ಪ್ರಪಂಚದ ಲೆಕ್ಕದಲ್ಲಿ ನುಡಿ ಇರುವ ಕಂಪ್ಯೂಟರುಗಳು ಬೆರಳೆಣಿಕೆ ಎನ್ನಬೇಕು. ಅದರ ಜೊತೆ ಬ್ರೌಸರಿನ ಭಾಷೆಯನ್ನು ಕನ್ನಡಕ್ಕೆ ಇಟ್ಟಿದ್ದರೆ ಆ ಸುಳಿವೂ ಪ್ರತಿ ಸಲ ವೆಬ್‌ಸೈಟಿಗೆ ಹೋಗುತ್ತದೆ. ಗಡಿಯಾರ ಗ್ರೀನಿಚ್ ಸಮಯಕ್ಕಿಂತ ಐದೂವರೆ ಗಂಟೆ ಮುಂದೆ. ಮೂರೇ ಉತ್ತರದಲ್ಲಿ ನೀವು ಕರ್ನಾಟಕದ, ಕನ್ನಡದಲ್ಲಿ ಟೈಪ್ ಮಾಡುವ ಮನುಷ್ಯ ಎಂದು ಬಹುಮಟ್ಟಿಗೆ ಗೊತ್ತಾಯಿತು. ಹಾಗೆಂದು ನುಡಿ ತೆಗೆದುಹಾಕಿ ಎನ್ನುವುದು ಮೂರ್ಖತನ. ನಮ್ಮ ಭಾಷೆಯಲ್ಲಿ ಕೆಲಸ ಮಾಡುವುದೇ ಗುರುತಾಗುವ ಈ ವ್ಯವಸ್ಥೆಯ ಮೇಲೆ ಸಿಟ್ಟು ಬಂದರೆ ಮಾತ್ರ ನ್ಯಾಯ.

ಎಕ್ಸ್‌ಟೆನ್ಶನ್ ಹೇಗೆ ಸಿಕ್ಕಿಬೀಳುತ್ತದೆ

ನಿಮ್ಮಲ್ಲಿ ಯಾವ ಎಕ್ಸ್‌ಟೆನ್ಶನ್ ಇದೆ ಎಂದು ವೆಬ್‌ಸೈಟು ಬ್ರೌಸರನ್ನು ನೇರವಾಗಿ ಕೇಳುವ ಹಾಗಿಲ್ಲ. ಬ್ರೌಸರ್ ಆ ಪಟ್ಟಿ ಕೊಡುವುದಿಲ್ಲ. ಆದ್ದರಿಂದ ಬಳಸು ದಾರಿ ಹಿಡಿಯುತ್ತಾರೆ.

ಕ್ರೋಮ್‌ನಲ್ಲಿ ಪ್ರತಿ ಎಕ್ಸ್‌ಟೆನ್ಶನ್‌ಗೂ 32 ಅಕ್ಷರದ ಒಂದು ಹೆಸರಿರುತ್ತದೆ. ಅದು ಎಲ್ಲರ ಕಂಪ್ಯೂಟರಿನಲ್ಲೂ ಒಂದೇ. ಎಕ್ಸ್‌ಟೆನ್ಶನ್ ತನ್ನ ಚಿತ್ರವನ್ನೋ ಬಟನ್ನನ್ನೋ ಪುಟದೊಳಗೆ ತೋರಿಸಬೇಕಾದರೆ ತನ್ನ ಕೆಲವು ಫೈಲುಗಳನ್ನು ವೆಬ್‌ಸೈಟುಗಳಿಗೂ ಸಿಗುವ ಹಾಗೆ ತೆರೆದಿಡಬೇಕು. ವೆಬ್‌ಸೈಟು ಆ 32 ಅಕ್ಷರದ ವಿಳಾಸದಲ್ಲಿ ಆ ಫೈಲನ್ನು ಕೇಳುತ್ತದೆ. ಬಂದರೆ ಎಕ್ಸ್‌ಟೆನ್ಶನ್ ಇದೆ, ಬರದಿದ್ದರೆ ಇಲ್ಲ. ಹೀಗೆ ಸಾವಿರ ಹೆಸರುಗಳನ್ನು ನೀವು ಪುಟ ಓದುತ್ತಿರುವಾಗಲೇ ಪರೀಕ್ಷಿಸಿ ಮುಗಿಸಬಹುದು. ಕ್ರೋಮ್‌ನ ಹೊಸ ನಿಯಮಗಳಾದ ಮ್ಯಾನಿಫೆಸ್ಟ್ ವಿ3ಯಲ್ಲಿ, ಯಾವ ವೆಬ್‌ಸೈಟಿಗೆ ಫೈಲು ಸಿಗಬೇಕು ಎಂದು ಎಕ್ಸ್‌ಟೆನ್ಶನ್ ಬರೆಯುವವರು ಮಿತಿ ಹಾಕಬಹುದು, ವಿಳಾಸ ಬದಲಾಗುತ್ತಿರುವ ಹಾಗೂ ಮಾಡಬಹುದು. ಮಾಡಬಹುದು, ಅಷ್ಟೇ. ಎಲ್ಲರೂ ಮಾಡುವುದಿಲ್ಲ.

ಫೈರ್‌ಫಾಕ್ಸ್ ಇದಕ್ಕೆ ಬೇರೆ ಉಪಾಯ ಮಾಡಿತು. ಅದರಲ್ಲಿ ಪ್ರತಿ ಕಂಪ್ಯೂಟರಿನಲ್ಲೂ ಎಕ್ಸ್‌ಟೆನ್ಶನ್‌ಗೆ ಬೇರೆ ಬೇರೆ ಸಂಖ್ಯೆಯ ವಿಳಾಸ ಸಿಗುತ್ತದೆ, ಊಹಿಸಲು ಆಗುವುದಿಲ್ಲ. ಚೆನ್ನಾಗಿದೆ ಅಲ್ವಾ? ಆದರೆ ಎಕ್ಸ್‌ಟೆನ್ಶನ್ ಎಚ್ಚರ ತಪ್ಪಿ ತನ್ನದೊಂದು ಚಿತ್ರವನ್ನು ಪುಟದೊಳಗೆ ಸೇರಿಸಿತು ಎನ್ನಿ. ಆ ಚಿತ್ರದ ವಿಳಾಸದಲ್ಲಿ ಆ ಸಂಖ್ಯೆ ಇರುತ್ತದೆ, ವೆಬ್‌ಸೈಟು ಓದಿಕೊಳ್ಳುತ್ತದೆ. ಈಗ ಆ ಸಂಖ್ಯೆ ಜಗತ್ತಿನಲ್ಲಿ ನಿಮ್ಮೊಬ್ಬರದ್ದೇ.

ಎರಡನೇ ದಾರಿ, ಎಕ್ಸ್‌ಟೆನ್ಶನ್ ಪುಟದಲ್ಲಿ ಮಾಡುವ ಬದಲಾವಣೆ. ಇಂಗ್ಲಿಷ್ ವ್ಯಾಕರಣ ತಿದ್ದುವ ಎಕ್ಸ್‌ಟೆನ್ಶನ್ ಬರೆಯುವ ಜಾಗದಲ್ಲಿ ತನ್ನ ಸಣ್ಣ ಚಿಹ್ನೆ ಕೂರಿಸುತ್ತದೆ. ಪಾಸ್‌ವರ್ಡ್ ನೆನಪಿಡುವುದು ಲಾಗಿನ್ ಜಾಗದಲ್ಲಿ ಬೀಗದ ಚಿಹ್ನೆ ತರುತ್ತದೆ. ನಾನು ಕಳಿಸಿದ ಪುಟದಲ್ಲಿ ಇದು ಇರಲಿಲ್ಲ, ಈಗ ಇದೆ ಎಂದು ವೆಬ್‌ಸೈಟಿನ ಸ್ಕ್ರಿಪ್ಟ್ ಕಂಡುಹಿಡಿಯುತ್ತದೆ. 2017ರಲ್ಲಿ ಕ್ರೋಮ್‌ನ ಜನಪ್ರಿಯ 10,000 ಎಕ್ಸ್‌ಟೆನ್ಶನ್‌ಗಳನ್ನು ಪರೀಕ್ಷಿಸಿದ ಅಧ್ಯಯನದಲ್ಲಿ, ಕನಿಷ್ಠ ನೂರಕ್ಕೆ 9.2 ಎಕ್ಸ್‌ಟೆನ್ಶನ್‌ಗಳು ಯಾವುದೇ ಪುಟದಲ್ಲಾದರೂ ಹೀಗೆ ಸಿಕ್ಕಿಬೀಳುತ್ತವೆ ಎಂದು ಗೊತ್ತಾಯಿತು.

ಮೂರನೆಯದು ನಡತೆ. ಜಾಹೀರಾತು ತಡೆಯುವ ಎಕ್ಸ್‌ಟೆನ್ಶನ್ ಇದೆಯೋ ಇಲ್ಲವೋ ನೋಡಲು, ಜಾಹೀರಾತಿನ ಹೆಸರಿಟ್ಟ ಖಾಲಿ ಡಬ್ಬಿಯೊಂದನ್ನು ಪುಟದಲ್ಲಿ ಇಡುತ್ತಾರೆ. ಅದು ಮಾಯವಾದರೆ ಉತ್ತರ ಸಿಕ್ಕಿತು. "ದಯವಿಟ್ಟು ಆಡ್‌ಬ್ಲಾಕರ್ ಆಫ್ ಮಾಡಿ" ಎಂದು ಸುದ್ದಿ ತಾಣಗಳು ಕೇಳುವುದು ಹೀಗೆಯೇ. ಇದರ ಒಳಗೆ ಇನ್ನೊಂದು ಸೂಕ್ಷ್ಮ ಇದೆ. ಆಡ್‌ಬ್ಲಾಕರ್‌ಗಳು ತಡೆಯುವ ವಿಳಾಸ, ಹೆಸರುಗಳ ಪಟ್ಟಿ ಇಟ್ಟುಕೊಂಡಿರುತ್ತವೆ. ಎಲ್ಲರಿಗೂ ಸಾಮಾನ್ಯವಾದ ಪಟ್ಟಿ ಒಂದು, ದೇಶ ಮತ್ತು ಭಾಷೆಗೆ ತಕ್ಕ ಪಟ್ಟಿಗಳು ಬೇರೆ. ಬೇರೆ ಬೇರೆ ಖಾಲಿ ಡಬ್ಬಿ ಇಟ್ಟು ಯಾವುದು ಮಾಯವಾಯಿತು ಎಂದು ನೋಡಿದರೆ, ನೀವು ಯಾವ ಪಟ್ಟಿ ಆನ್ ಮಾಡಿದ್ದೀರಿ ಎಂಬುದೂ ತಿಳಿಯುತ್ತದೆ.

ಇವೆಲ್ಲ ಸೇರಿದರೆ ಎಷ್ಟಾಗುತ್ತದೆ? 2018ರಲ್ಲಿ ಪ್ರಕಟವಾದ, 16,393 ಜನ ಪಾಲ್ಗೊಂಡ ಒಂದು ಅಧ್ಯಯನದಲ್ಲಿ, ಪತ್ತೆಯಾಗಬಲ್ಲ ಎಕ್ಸ್‌ಟೆನ್ಶನ್ ಒಂದಾದರೂ ಇದ್ದವರ ಪೈಕಿ ನೂರಕ್ಕೆ ಸುಮಾರು 55 ಜನ ಬರೀ ಎಕ್ಸ್‌ಟೆನ್ಶನ್ ಪಟ್ಟಿಯಿಂದಲೇ ಒಂಟಿಯಾಗಿ ಸಿಕ್ಕರು. ಫಾಂಟು, ಪರದೆ, ಕ್ಯಾನ್ವಾಸ್ ಯಾವುದನ್ನೂ ನೋಡಬೇಕಾಗಲಿಲ್ಲ. ಎಕ್ಸ್‌ಟೆನ್ಶನ್ ಪಟ್ಟಿ ಇನ್ನೂ ಒಂದು ಕಾರಣಕ್ಕೆ ಅಪಾಯ. ಅದು ನಿಮ್ಮ ಬಗ್ಗೆ ನೇರವಾಗಿ ಮಾತಾಡುತ್ತದೆ. ಪರದೆ ಅಳತೆಯಿಂದ ನೀವು ಏನು ಓದುತ್ತೀರಿ ಎಂದು ತಿಳಿಯುವುದಿಲ್ಲ. ಪ್ರಾರ್ಥನೆಯ ಸಮಯ ತೋರಿಸುವುದು, ಕೂಪನ್ ಹುಡುಕುವುದು, ದೃಷ್ಟಿ ಕಡಿಮೆ ಇದ್ದವರಿಗೆ ಅಕ್ಷರ ದೊಡ್ಡದು ಮಾಡುವುದು, ಇವು ಧರ್ಮ, ಹಣ, ಆರೋಗ್ಯದ ಸುಳಿವು ಬಿಡುತ್ತವೆ.

ಮುಚ್ಚಿಕೊಳ್ಳಲು ಹೋಗಿ ಎದ್ದು ಕಾಣುವುದು

ಗುರುತು ಸಿಗಬಾರದು ಎಂದು ಜನ ಮತ್ತೊಂದು ಎಕ್ಸ್‌ಟೆನ್ಶನ್ ಹಾಕುತ್ತಾರೆ. ತಮಾಷೆ ಶುರುವಾಗುವುದು ಇಲ್ಲಿ. ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ಲಕ್ಷಾಂತರ ಜನರ ನಡುವೆ ಯಾರಿಗೂ ಕಾಣಬಾರದೆಂದು ಒಬ್ಬ ಹೆಲ್ಮೆಟ್ ಹಾಕಿಕೊಂಡು ತೇರಿನ ಮುಂದೆ ನಿಂತರೆ, ಎಲ್ಲರ ಕಣ್ಣೂ ಅವನ ಮೇಲೆ.

ಬ್ರೌಸರಿನ ಹೆಸರು ಬದಲಿಸಿ ಹೇಳುವ ಎಕ್ಸ್‌ಟೆನ್ಶನ್‌ಗಳನ್ನೇ ನೋಡಿ. ಯೂಸರ್ ಏಜೆಂಟ್ ಸ್ವಿಚರ್ ಎನ್ನುತ್ತಾರೆ. ವಿಂಡೋಸ್‌ನ ಕ್ರೋಮ್ ಬಳಸುತ್ತ, "ನಾನು ಫೈರ್‌ಫಾಕ್ಸ್" ಎಂದು ಹೇಳಿಸುತ್ತೀರಿ. ಆದರೆ ಫೈರ್‌ಫಾಕ್ಸ್‌ನಲ್ಲಿ ಇರಲೇಬಾರದ ಸೌಲಭ್ಯಗಳು ನಿಮ್ಮ ಬ್ರೌಸರಿನಲ್ಲಿ ಇರುತ್ತವೆ. ಇನ್ನೂ ಮಜಾ ಎಂದರೆ ಸಮಯ ವಲಯ. ಕ್ರೋಮ್ ನಮ್ಮ ವಲಯವನ್ನು ಬಹಳ ವರ್ಷ 'ಏಷ್ಯಾ/ಕಲ್ಕತ್ತಾ' ಎಂಬ ಹಳೆಯ ಹೆಸರಿನಲ್ಲೇ ಹೇಳುತ್ತ ಬಂದಿದೆ, ಫೈರ್‌ಫಾಕ್ಸ್ 'ಏಷ್ಯಾ/ಕೋಲ್ಕತಾ' ಎನ್ನುತ್ತದೆ. ಹೆಸರು ಫೈರ್‌ಫಾಕ್ಸ್, ಬಾಯಿಂದ ಬರುವುದು ಕಲ್ಕತ್ತಾ. ಇಂಥ ಅಡ್ಡಾದಿಡ್ಡಿ ಉತ್ತರ ಕೊಡುವವರು ಲಕ್ಷಕ್ಕೆ ಎಷ್ಟು ಮಂದಿ ಇದ್ದಾರು?

ಕ್ಯಾನ್ವಾಸ್ ಚಿತ್ರಕ್ಕೆ ಸುಳ್ಳು ಚುಕ್ಕೆ ಸೇರಿಸುವ ಎಕ್ಸ್‌ಟೆನ್ಶನ್‌ಗಳ ಕಥೆಯೂ ಹೀಗೆ. ಅದೇ ಚಿತ್ರವನ್ನು ಎರಡು ಸಲ ಬರೆಸಿ ಎರಡೂ ಬೇರೆ ಬಂದರೆ, ಇಲ್ಲಿ ಯಾರೋ ಕೈಯಾಡಿಸಿದ್ದಾರೆ ಎಂದು ಸ್ಕ್ರಿಪ್ಟಿಗೆ ತಿಳಿಯುತ್ತದೆ. ಈ ಕೆಲಸವನ್ನು ಬ್ರೌಸರ್ ತಾನೇ ಮಾಡಿದರೆ ಮಾತು ಬೇರೆ. ಬ್ರೇವ್ ಬ್ರೌಸರ್ ಪ್ರತಿ ವೆಬ್‌ಸೈಟಿಗೂ ಬೇರೆ ಬೇರೆ ಸಣ್ಣ ಸುಳ್ಳು ಹೇಳುತ್ತದೆ, ಅದರ ಬಳಕೆದಾರರೆಲ್ಲರಿಗೂ ಹಾಗೆಯೇ ಮಾಡುತ್ತದೆ. ಟಾರ್ ಬ್ರೌಸರ್ ಇದಕ್ಕೆ ಉಲ್ಟಾ, ತನ್ನ ಬಳಕೆದಾರರೆಲ್ಲ ಒಂದೇ ಥರ ಕಾಣಬೇಕು ಎನ್ನುತ್ತದೆ. ಅದಕ್ಕೇ ಟಾರ್‌ನವರು ಹೊಸ ಎಕ್ಸ್‌ಟೆನ್ಶನ್ ಹಾಕಬೇಡಿ ಎಂದು ಹೇಳುತ್ತಾರೆ. ಒಂದು ಹಾಕಿದರೂ ಗುಂಪಿನಿಂದ ಹೊರಗೆ ಬಂದಿರಿ.

ಹಾಗಾದರೆ ಎಲ್ಲವನ್ನೂ ಕಿತ್ತುಹಾಕಬೇಕಾ? ಬೇಡ. ಒಳ್ಳೆಯ ಆಡ್‌ಬ್ಲಾಕರ್ ಗುರುತು ಬಿಟ್ಟುಕೊಡುವುದಕ್ಕಿಂತ ಉಳಿಸುವುದೇ ಜಾಸ್ತಿ. ಫಿಂಗರ್‌ಪ್ರಿಂಟಿಂಗ್ ಸ್ಕ್ರಿಪ್ಟುಗಳು ಬಹಳಷ್ಟು ಸಲ ನೀವು ತೆರೆದ ವೆಬ್‌ಸೈಟಿನವಲ್ಲ, ಬೇರೆ ಕಂಪನಿಯ ವಿಳಾಸದಿಂದ ಬರುತ್ತವೆ. ಆ ವಿಳಾಸವನ್ನೇ ತಡೆದರೆ ಅಳೆಯುವವನೇ ಬರಲಿಲ್ಲ. ವೆಬ್‌ಸೈಟು ತನ್ನದೇ ವಿಳಾಸದಿಂದ ಅಳೆದರೆ ಇದು ಉಪಯೋಗಕ್ಕೆ ಬರುವುದಿಲ್ಲ, ನಿಜ. ಆದರೆ ನೂರಾರು ವೆಬ್‌ಸೈಟಿನಲ್ಲಿ ನಿಮ್ಮ ಹಿಂದೆ ಹಿಂದೆ ಬರುವುದು ಹೊರಗಿನ ಕಂಪನಿಗಳೇ. ಯುಬ್ಲಾಕ್ ಒರಿಜಿನ್ ಎಂಬ ಆಡ್‌ಬ್ಲಾಕರ್ ಫೈರ್‌ಫಾಕ್ಸ್‌ನಲ್ಲಿ ಪೂರ್ತಿ ಬಲದಲ್ಲಿ ಕೆಲಸ ಮಾಡುತ್ತದೆ. ಕ್ರೋಮ್ ಮ್ಯಾನಿಫೆಸ್ಟ್ ವಿ3ಗಿಂತ ಹಳೆಯ ನಿಯಮದ ಎಕ್ಸ್‌ಟೆನ್ಶನ್‌ಗಳನ್ನು 2024ರಿಂದ ಹಂತ ಹಂತವಾಗಿ ನಿಲ್ಲಿಸಿದ್ದರಿಂದ ಅಲ್ಲಿ ಅದರ ಲೈಟ್ ಆವೃತ್ತಿ ಬಳಸಬೇಕು.

ಎಲ್ಲ ಫಿಂಗರ್‌ಪ್ರಿಂಟಿಂಗ್ ಕೆಟ್ಟದ್ದೂ ಅಲ್ಲ. ಹೊಸ ಕಂಪ್ಯೂಟರಿನಿಂದ ಲಾಗಿನ್ ಆದಾಗ ಬ್ಯಾಂಕು ಇನ್ನೊಂದು ಓಟಿಪಿ ಕೇಳುವುದರ ಹಿಂದೆಯೂ ಇಂಥದೇ ಅಳತೆ ಇರಬಹುದು. ತಕರಾರು ಇರುವುದು ಜಾಹೀರಾತಿಗಾಗಿ ಕೇಳದೆ ಮಾಡುವ ಅಳತೆಯ ಮೇಲೆ. 2025ರ ಫೆಬ್ರವರಿಯಿಂದ ಗೂಗಲ್ ತನ್ನ ಜಾಹೀರಾತುದಾರರಿಗೆ ಈ ವಿಷಯದಲ್ಲಿ ನಿಯಮ ಸಡಿಲ ಮಾಡಿತು. ಬ್ರಿಟನ್ನಿನ ಮಾಹಿತಿ ಆಯುಕ್ತರ ಕಚೇರಿ ಅದನ್ನು ಬೇಜವಾಬ್ದಾರಿ ಎಂದು ಮುಂಚೆಯೇ ಟೀಕಿಸಿತ್ತು.

ಒಳಗೆ ಕೂತವನು

ಈಗ ನಾನು ಹೆಚ್ಚು ಭಾರ ಎಂದ ವಿಷಯ. ಎಕ್ಸ್‌ಟೆನ್ಶನ್ ಹಾಕುವಾಗ ಒಂದು ಸಣ್ಣ ಡಬ್ಬಿ ತೆರೆದು, ನೀವು ನೋಡುವ ಎಲ್ಲ ವೆಬ್‌ಸೈಟುಗಳ ಮಾಹಿತಿಯನ್ನು ಇದು ಓದಬಹುದು, ಬದಲಿಸಬಹುದು ಎಂದು ಹೇಳುತ್ತದೆ. ನಾವು ಓದದೆ ಒಪ್ಪಿಗೆ ಒತ್ತುತ್ತೇವೆ. ಆ ಸಾಲು ಹೇಳುವುದನ್ನು ಅಕ್ಷರಶಃ ತೆಗೆದುಕೊಳ್ಳಬೇಕು. ಪುಟದಲ್ಲಿ ಟೈಪ್ ಮಾಡಿದ ಆಧಾರ್ ಸಂಖ್ಯೆ, ಹುಟ್ಟಿದ ದಿನ, ಪಾಸ್‌ವರ್ಡ್, ಎಲ್ಲವೂ ಅದಕ್ಕೆ ಸಿಗುತ್ತವೆ. ವಿಳಾಸದ ಮುಂದೆ ಎಚ್‌ಟಿಟಿಪಿಎಸ್ ಇದ್ದರೂ ಅಷ್ಟೇ. ಆ ಭದ್ರತೆ ದಾರಿಯಲ್ಲಿ ಕದಿಯುವವರಿಂದ ಕಾಪಾಡುತ್ತದೆ, ಎಕ್ಸ್‌ಟೆನ್ಶನ್ ಇರುವುದು ಮನೆಯೊಳಗೆ.

ಫಿಂಗರ್‌ಪ್ರಿಂಟಿಂಗ್ ಮಾಡುವವನಿಗೆ ನೀವು ಒಂದು ಹೆಸರಿಲ್ಲದ ಸಂಖ್ಯೆ. ಎಕ್ಸ್‌ಟೆನ್ಶನ್‌ಗೆ ನಿಮ್ಮ ಹೆಸರು, ಊರು, ಜಾತಿ ಪ್ರಮಾಣಪತ್ರದ ಸಂಖ್ಯೆ ಎಲ್ಲ ಗೊತ್ತಾಗಬಹುದು. ಅರ್ಜಿ ತುಂಬುವ ಅಂಗಡಿಯಲ್ಲಿ ಇದು ಇನ್ನೂ ಗಂಭೀರ. ಮಾನ್ವಿಯಿಂದಲೋ ಕುಷ್ಟಗಿಯಿಂದಲೋ ಬಂದು ಕಲ್ಯಾಣ ಕರ್ನಾಟಕದ ಮೀಸಲಾತಿಯ 371ಜೆ ಪ್ರಮಾಣಪತ್ರಕ್ಕೆ, ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವವರು ಆ ಬ್ರೌಸರಿನಲ್ಲಿ ಏನಿದೆ ಎಂದು ನೋಡಿರುವುದಿಲ್ಲ. ವಿಡಿಯೊ ಇಳಿಸಿಕೊಳ್ಳಲು ಅಂಗಡಿಯ ಹುಡುಗ ಹಾಕಿದ ಎಕ್ಸ್‌ಟೆನ್ಶನ್ ಅವರ ದಾಖಲೆಯ ಮೇಲೆ ಕೂತಿರುತ್ತದೆ.

ಇದು ಬರೀ ಅನುಮಾನ ಅಲ್ಲ. ಅವಾಸ್ಟ್ ಎಂಬ ಹೆಸರಾಂತ ಆಂಟಿವೈರಸ್ ಕಂಪನಿ, ನಿಮ್ಮನ್ನು ಕಾಪಾಡುತ್ತೇವೆ ಎಂದು ಕೊಟ್ಟ ಎಕ್ಸ್‌ಟೆನ್ಶನ್ ಮತ್ತು ತಂತ್ರಾಂಶದ ಮೂಲಕ ಜನ ನೋಡಿದ ಪುಟಗಳ ಮಾಹಿತಿ ಕೂಡಿಸಿ ತನ್ನ ಅಂಗಸಂಸ್ಥೆ ಜಂಪ್‌ಶಾಟ್ ಮೂಲಕ ಮಾರಿತ್ತು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2024ರಲ್ಲಿ ಅದರಿಂದ 1.65 ಕೋಟಿ ಡಾಲರ್ ಕಟ್ಟಿಸಿತು. ಒಳ್ಳೆಯ ಎಕ್ಸ್‌ಟೆನ್ಶನ್ ಕೈ ಬದಲಾಗಿ ಕೆಟ್ಟಿದ್ದೂ ಇದೆ. ನ್ಯಾನೋ ಆಡ್‌ಬ್ಲಾಕರ್ 2020ರಲ್ಲಿ ಬೇರೆಯವರಿಗೆ ಮಾರಾಟವಾದ ಮೇಲೆ ಬಳಕೆದಾರರ ಮಾಹಿತಿ ಕದಿಯತೊಡಗಿತು. ತುಂಬ ಜನ ಮೆಚ್ಚಿದ್ದ ಗ್ರೇಟ್ ಸಸ್ಪೆಂಡರ್ ಹೊಸ ಮಾಲೀಕರ ಕೈಗೆ ಹೋದ ಮೇಲೆ, 2021ರ ಫೆಬ್ರವರಿಯಲ್ಲಿ ಗೂಗಲ್ ಅದನ್ನು ತೆಗೆದುಹಾಕಿತು. 2024ರ ಡಿಸೆಂಬರಿನಲ್ಲಿ ಸೈಬರ್‌ಹೇವನ್ ಎಂಬ ಭದ್ರತಾ ಕಂಪನಿಯ ಸಿಬ್ಬಂದಿಯೊಬ್ಬರಿಗೆ ಮೋಸದ ಮೇಲ್ ಕಳಿಸಿ, ಅದರ ಎಕ್ಸ್‌ಟೆನ್ಶನ್‌ನಲ್ಲೇ ಕಳ್ಳ ಅಪ್‌ಡೇಟ್ ತೂರಿಸಿದರು.

ಇಲ್ಲಿ ಬಳಕೆದಾರರು ಮಾಡಿದ ತಪ್ಪೇನೂ ಇಲ್ಲ. ಎಕ್ಸ್‌ಟೆನ್ಶನ್‌ಗಳು ತಾವಾಗಿಯೇ ಅಪ್‌ಡೇಟ್ ಆಗುತ್ತವೆ. ಹೊಸ ಅನುಮತಿ ಕೇಳಿದರೆ ಮಾತ್ರ ಕ್ರೋಮ್ ತಡೆದು ನಿಮ್ಮನ್ನು ಕೇಳುತ್ತದೆ. ಎಲ್ಲ ವೆಬ್‌ಸೈಟು ಓದುವ ಅನುಮತಿಯನ್ನು ಮೊದಲೇ ಕೊಟ್ಟಿದ್ದರೆ ಕೇಳುವುದಕ್ಕೆ ಏನು ಉಳಿಯಿತು?

ಆದ್ದರಿಂದ ಅಂಗಡಿಯವರಿಗೆ ನಾನು ಹೇಳುವುದು ಇಷ್ಟು. ಗ್ರಾಹಕರ ಕೆಲಸಕ್ಕೆ ಬ್ರೌಸರಿನಲ್ಲಿ ಬೇರೆ ಪ್ರೊಫೈಲ್ ಮಾಡಿ. ಕ್ರೋಮ್‌ನಲ್ಲಿ ಒಂದು ಪ್ರೊಫೈಲಿನ ಎಕ್ಸ್‌ಟೆನ್ಶನ್ ಇನ್ನೊಂದಕ್ಕೆ ಬರುವುದಿಲ್ಲ. ಆ ಪ್ರೊಫೈಲಿನಲ್ಲಿ ಆಡ್‌ಬ್ಲಾಕರ್ ಬಿಟ್ಟು ಬೇರೇನೂ ಬೇಡ. ಪಿಡಿಎಫ್ ಕೂಡಿಸುವ ಕೆಲಸ ಕಂಪ್ಯೂಟರಿನ ತಂತ್ರಾಂಶದಲ್ಲೇ ಆಗುತ್ತದೆ, ಸ್ಕ್ರೀನ್‌ಶಾಟ್ ವಿಂಡೋಸ್‌ನಲ್ಲೇ ಇದೆ. ಪುಕ್ಕಟೆ ವಿಪಿಎನ್ ಎಕ್ಸ್‌ಟೆನ್ಶನ್ ಇಂದೇ ತೆಗೆಯಿರಿ, ಅದರ ಬಗ್ಗೆ ನನಗೆ ಎರಡನೇ ಮಾತಿಲ್ಲ. ಬಿಡಲಾಗದ ಎಕ್ಸ್‌ಟೆನ್ಶನ್ ಇದ್ದರೆ ಅದರ ವಿವರ ತೆರೆದು, ಎಲ್ಲ ವೆಬ್‌ಸೈಟಿಗೆ ಬದಲು ಕ್ಲಿಕ್ ಮಾಡಿದಾಗ ಮಾತ್ರ ಕೆಲಸ ಮಾಡುವ ಹಾಗೆ ಇಡಬಹುದು. ಹೀಗೆ ಮಾಡಿದರೆ ಕ್ಲಿಕ್ ಮಾಡುವ ತನಕ ಒಳಗಿನ ಕಣ್ಣೂ ಮುಚ್ಚಿರುತ್ತದೆ, ಹೊರಗಿನಿಂದ ಪತ್ತೆಯಾಗುವುದೂ ಕಡಿಮೆಯಾಗುತ್ತದೆ. ಇನ್‌ಕಾಗ್ನಿಟೊ ಕಿಟಕಿಯಲ್ಲಿ ಎಕ್ಸ್‌ಟೆನ್ಶನ್‌ಗಳು ನಾವಾಗಿ ಅನುಮತಿ ಕೊಡುವ ತನಕ ಓಡುವುದಿಲ್ಲ, ಅಷ್ಟರ ಮಟ್ಟಿಗೆ ಅದು ಒಳ್ಳೆಯದು. ಆದರೆ ಫಾಂಟು, ಪರದೆ, ಗ್ರಾಫಿಕ್ಸ್ ಚಿಪ್ ಅಲ್ಲೂ ಅವೇ ಇರುವುದರಿಂದ ಗುರುತು ಹಾಗೇ ಉಳಿಯುತ್ತದೆ.

ಫೋನಿನಲ್ಲೇ ಎಲ್ಲ ಮಾಡುವವರಿಗೆ ಈ ತಲೆನೋವು ಕಡಿಮೆ. ಆಂಡ್ರಾಯ್ಡ್‌ನ ಕ್ರೋಮ್‌ನಲ್ಲಿ ಎಕ್ಸ್‌ಟೆನ್ಶನ್ ಹಾಕಲು ಬರುವುದಿಲ್ಲ. ಫೈರ್‌ಫಾಕ್ಸ್‌ನಲ್ಲಿ ಬರುತ್ತದೆ, ಅಲ್ಲಿ ಆಡ್‌ಬ್ಲಾಕರ್ ಒಂದನ್ನು ಹಾಕಿಕೊಂಡರೆ ಸಾಕು.

ನಿಮ್ಮ ಬ್ರೌಸರ್ ಎಷ್ಟು ಎದ್ದು ಕಾಣುತ್ತದೆ ಎಂದು ನೋಡುವ ಆಸೆ ಇದ್ದರೆ, ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ನಿನ 'ಕವರ್ ಯುವರ್ ಟ್ರ್ಯಾಕ್ಸ್' ಪುಟದಲ್ಲಿ ಪರೀಕ್ಷೆ ಮಾಡಬಹುದು. ಅಲ್ಲಿ ನಿಮ್ಮ ಗುರುತು ಒಂಟಿ ಎಂದು ಬಂದರೆ ಗಾಬರಿ ಬೇಡ. ಅದು ಇತ್ತೀಚೆಗೆ ಆ ಪುಟಕ್ಕೆ ಬಂದವರ ಜೊತೆ ಮಾತ್ರ ಹೋಲಿಸುತ್ತದೆ, ಮತ್ತು ಅಲ್ಲಿಗೆ ಬರುವವರು ಹೆಚ್ಚಾಗಿ ಬ್ರೌಸರನ್ನು ತಿದ್ದಿ ತೀಡಿದವರೇ. ಪರದೆ, ಫಾಂಟು, ಕ್ಯಾನ್ವಾಸ್ ಒಂದೊಂದರಿಂದ ಎಷ್ಟು ಬಿಟ್ ಸಿಕ್ಕಿತು ಎಂದು ಅದು ಬಿಡಿಸಿ ತೋರಿಸುತ್ತದೆ, ನೋಡಬೇಕಾದ್ದು ಅದನ್ನು. ಆದರೆ ನೀವು ಹಾಕಿದ ಎಕ್ಸ್‌ಟೆನ್ಶನ್‌ಗಳನ್ನು ಹೆಸರು ಹಿಡಿದು ಅದು ಹುಡುಕುವುದಿಲ್ಲ. ಅವುಗಳಿಗೆ ಏನೇನು ಅನುಮತಿ ಕೊಟ್ಟಿದ್ದೀರಿ ಎಂದು ನೋಡಲು ಬ್ರೌಸರಿನ ಎಕ್ಸ್‌ಟೆನ್ಶನ್ ಪುಟವನ್ನೇ ತೆರೆಯಬೇಕು.